ಥ್ರಾಟಲ್ ಲಾಕ್ ಕೊಳ್ಳುವ ಮುನ್ನ ಬಿಡಿಸಿ ನೋಡಿ

ಬೆಂಗಳೂರಿನಿಂದ ರಾಣೆಬೆನ್ನೂರಿಗೆ ಸುಮಾರು 300 ಕಿಲೋಮೀಟರ್. ರಜೆ ಬಂತೆಂದರೆ ಬೈಕ್‌ನಲ್ಲೇ ಊರಿಗೆ ಹೋಗುವ ಚಟ ನನಗೆ. ತುಮಕೂರು ದಾಟುವವರೆಗೆ ಎಲ್ಲ ಚೆಂದ. ಶಿರಾ ಬರುವ ಹೊತ್ತಿಗೆ ಬಲಗೈಯ ಕಿರುಬೆರಳು, ಉಂಗುರಬೆರಳು ಜುಮ್ಮೆನ್ನತೊಡಗುತ್ತವೆ. ಹಿರಿಯೂರಿನಲ್ಲಿ ಚಹಾಕ್ಕೆ ನಿಂತರೆ ಲೋಟ ಹಿಡಿಯಲು ಎಡಗೈಯೇ ಗತಿ.

ಕಾರಣ ಸರಳ. ಥ್ರಾಟಲ್‌ ಅನ್ನು ಮುಚ್ಚಲು ಒಂದು ಸ್ಪ್ರಿಂಗ್ ಸದಾ ಎಳೆಯುತ್ತಿರುತ್ತದೆ. ದಾರಿಯುದ್ದಕ್ಕೂ ನಮ್ಮ ಬಲಗೈ ಆ ಸ್ಪ್ರಿಂಗ್ ಜೊತೆ ಜಗ್ಗಾಡುತ್ತಿರುತ್ತದೆ. ಎಡಗೈಯನ್ನು ನಡುನಡುವೆ ಕೊಡವಿಕೊಳ್ಳಬಹುದು, ಬಲಗೈ ಸಡಿಲಿಸಿದರೆ ಬೈಕ್ ನಿಧಾನವಾಗುತ್ತದೆ. ಇದರ ಮೇಲೆ ಸಿಂಗಲ್ ಸಿಲಿಂಡರ್ ಎಂಜಿನ್ನಿನ ನಡುಕ ಬೇರೆ.

ಇದಕ್ಕೊಂದು ಉಪಾಯವೆಂದು ಆನ್‌ಲೈನ್‌ನಲ್ಲಿ 400 ರೂಪಾಯಿಯ ಥ್ರಾಟಲ್ ಲಾಕ್ ತರಿಸಿದೆ. ಗ್ರಿಪ್ಪಿಗೆ ಬಿಗಿಯುವ ಕ್ಲ್ಯಾಂಪ್, ಅದಕ್ಕೊಂದು ಪುಟ್ಟ ಲಿವರ್. ಲಿವರ್ ಒತ್ತಿದರೆ ಥ್ರಾಟಲ್ ಇದ್ದಲ್ಲೇ ನಿಲ್ಲುತ್ತದೆ. ಹಾಸ್ಟೆಲ್ ಮುಂದೆ ಹಾಕಿ ನೋಡಿದೆ. ಗಟ್ಟಿಯಾಗಿ ಹಿಡಿಯಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ ಅಂದುಕೊಂಡೆ.

ಹಿರಿಯೂರು ದಾಟಿ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ ಹೊರಟಿದ್ದೆ. ವೇಗ ಎಪ್ಪತ್ತು. ಲಾಕ್ ಹಾಕಿತ್ತು. ಡಿವೈಡರ್ ಸಂದಿಯಿಂದ ಕುರಿ ಹಿಂಡೊಂದು ರಸ್ತೆಗಿಳಿಯಿತು. ಅಭ್ಯಾಸಬಲದಿಂದ ಗ್ರಿಪ್ ಬಿಟ್ಟು ಬ್ರೇಕ್ ಹಿಡಿದೆ. ಎಂಜಿನ್ ಮಾತ್ರ ಬೈಕನ್ನು ಮುಂದಕ್ಕೆ ತಳ್ಳುತ್ತಲೇ ಇತ್ತು! ಗ್ಲೌಸ್ ಹಾಕಿದ ಹೆಬ್ಬೆರಳಿಗೆ ಆ ಪುಟ್ಟ ಲಿವರ್ ಸಿಗಲೇ ಇಲ್ಲ. ಕ್ಲಚ್ ಹಿಡಿದೆ, ಎಂಜಿನ್ ಕಿರುಚಿಕೊಂಡಿತು. ಕಿಲ್ ಸ್ವಿಚ್ ಒತ್ತಿದ ಮೇಲೆ ನಿಶ್ಶಬ್ದ. ಕೊನೆಯ ಕುರಿಗೂ ನನ್ನ ಮುಂದಿನ ಚಕ್ರಕ್ಕೂ ಒಂದು ಮಾರು ಅಂತರವಿತ್ತು. ಕುರಿ ಕಾಯುವ ಅಜ್ಜ ಬೈದಿದ್ದರೂ ಸಮಾಧಾನವಾಗುತ್ತಿತ್ತೇನೋ. ಸುಮ್ಮನೆ ನನ್ನ ಮುಖ ನೋಡಿ ಹೋದ.

ಊರಿನ ಮೆಕ್ಯಾನಿಕ್ ಅಣ್ಣನಿಗೆ ತೋರಿಸಿದೆ. ‘ಹಿಡಿಯೋದು ನೋಡೀದಿ, ಬಿಡೋದು ನೋಡಿಲ್ಲಲ್ಲೋ ತಮ್ಮಾ’ ಅಂದ. ನಾನು ಓದುತ್ತಿರುವುದು ಬಿಇ!

ನನ್ನ ಅಭಿಪ್ರಾಯ ಇಷ್ಟೇ. ಥ್ರಾಟಲ್ ಲಾಕ್ ಅಗ್ಗದ್ದಾದರೆ ತಪ್ಪಿಲ್ಲ. ಆದರೆ ಗಾಬರಿಯಲ್ಲಿ ಮಣಿಕಟ್ಟು ಹಿಂದಕ್ಕೆ ತಿರುಗಿಸಿದರೆ ಸಾಕು, ಅದು ಸೋಲಬೇಕು. ಗುಂಡಿ ಹುಡುಕಿ ಒತ್ತಿದರಷ್ಟೇ ಬಿಡುವಂಥದ್ದು ಪುಕ್ಕಟೆ ಸಿಕ್ಕರೂ ಬೇಡ. ಬ್ರೇಕ್ ಲಿವರ್‌ಗೆ ಆತು ನಿಲ್ಲುವಂಥದ್ದೂ ನನಗೆ ಬೇಡ. ಬ್ರೇಕಿನ ದಾರಿಯಲ್ಲಿ ಯಾವುದೂ ಅಡ್ಡ ಇರಬಾರದು.

ನಮ್ಮ ಬಜೆಟ್ಟಿಗೆ ಉಳಿಯುವುದು ಎರಡು. ಒಂದು, ಅಂಗೈ ಊರಲು ಗ್ರಿಪ್ಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ. ಇದು ಲಾಕ್ ಅಲ್ಲ. ಬೆರಳು ಬಿಗಿಹಿಡಿಯದೆ ಅಂಗೈ ಭಾರದಿಂದಲೇ ಥ್ರಾಟಲ್ ಒತ್ತಿಡಬಹುದು, ಕೈ ತೆಗೆದರೆ ತಾನೇ ಮುಚ್ಚುತ್ತದೆ. ಆದರೆ ಟ್ರಾಫಿಕ್‌ನಲ್ಲಿ, ಪಾರ್ಕಿಂಗ್‌ನಲ್ಲಿ ಅಂಗೈ ತಗುಲಿದರೆ ಬೈಕ್ ಜಿಗಿಯುತ್ತದೆ. ಊರೊಳಗೆ ಹೋಗುವಾಗ ಪಟ್ಟಿಯನ್ನು ಪಕ್ಕಕ್ಕೆ ತಿರುಗಿಸಿಡಬೇಕು.

ಎರಡನೆಯದು ರಬ್ಬರಿನ ಓ-ರಿಂಗ್. ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಗ್ರಿಪ್ ಮುಗಿಯುವ ಜಾಗಕ್ಕೂ ಹ್ಯಾಂಡಲ್ ತುದಿಯ ತೂಕಕ್ಕೂ ನಡುವೆ ಸಣ್ಣ ಸಂದಿ ಇರುವ ಬೈಕ್‌ಗಳಿಗೆ ಇದು ಸರಿಹೊಂದುತ್ತದೆ. ರಿಂಗನ್ನು ಆ ಸಂದಿಗೆ ಉರುಳಿಸಿದರೆ ಅದರ ಘರ್ಷಣೆ ಸ್ಪ್ರಿಂಗಿನ ಎಳೆತವನ್ನು ತಡೆಯುತ್ತದೆ, ಹೊರಕ್ಕೆ ಉರುಳಿಸಿದರೆ ಥ್ರಾಟಲ್ ಮಾಮೂಲಿನಂತೆ. ಕೈಯಿಂದ ತಿರುಗಿಸಿದರೆ ಯಾವಾಗಲೂ ಸೋಲುತ್ತದೆ. ರಬ್ಬರ್ ಸವೆಯುತ್ತದೆ, ಮಳೆಯಲ್ಲಿ ಜಾರುತ್ತದೆ. ದಪ್ಪದ ರಿಂಗ್ ಹಾಕಿದರೆ ಥ್ರಾಟಲ್ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಅಮೆರಿಕದಲ್ಲಿ ನೂರು ಡಾಲರ್‌ಗೂ ಮೇಲ್ಪಟ್ಟು ಬೆಲೆಯ ಲೋಹದ ಲಾಕ್‌ಗಳಿವೆ. ಅವುಗಳಲ್ಲಿ ಒಳ್ಳೆಯವು ಕೆಲಸ ಮಾಡುವುದೂ ಇದೇ ಘರ್ಷಣೆಯ ಸೂತ್ರದಲ್ಲಿ.

ಯಾವುದೇ ಕೊಂಡರೂ ರಸ್ತೆಗಿಳಿಯುವ ಮೊದಲು ಎಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ಪರೀಕ್ಷಿಸಿ. ಲಾಕ್ ಇಲ್ಲದಾಗ ಥ್ರಾಟಲ್ ಟಪ್ ಎಂದು ತಾನೇ ಮುಚ್ಚಬೇಕು. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿದಾಗಲೂ ಮುಚ್ಚಬೇಕು. ಲಾಕ್ ಹಾಕಿದಾಗ, ಗ್ಲೌಸ್ ತೊಟ್ಟು, ಕಣ್ಣು ಮುಚ್ಚಿ, ಒಂದೇ ತಿರುವಿಗೆ ಬಿಡಿಸಲು ಬರಬೇಕು. ಬಾರದಿದ್ದರೆ ವಾಪಸ್ ಕಳಿಸಿ.

ಇನ್ನೊಂದು ಮಾತು. ಗೆಳೆಯರು ಇದನ್ನು ಕ್ರೂಸ್ ಕಂಟ್ರೋಲ್ ಅಂತಲೇ ಕರೆಯುತ್ತಾರೆ. ಅಲ್ಲವೇ ಅಲ್ಲ. ಟಿವಿಎಸ್ ಅಪಾಚೆ ಆರ್‌ಟಿಆರ್ 310ರಂಥ ಬೈಕ್‌ಗಳಲ್ಲಿ ಬರುತ್ತಿರುವ ಕ್ರೂಸ್ ಕಂಟ್ರೋಲ್ ವೇಗವನ್ನು ಕಾಯುತ್ತದೆ, ಬ್ರೇಕ್ ಮುಟ್ಟಿದೊಡನೆ ತಾನೇ ಕಳಚಿಕೊಳ್ಳುತ್ತದೆ. ಲಾಕ್‌ಗೆ ವೇಗವೂ ಗೊತ್ತಿಲ್ಲ, ಬ್ರೇಕೂ ಗೊತ್ತಿಲ್ಲ. ಏರಿನಲ್ಲಿ ಬೈಕ್ ಸೋಲುತ್ತದೆ, ಇಳಿಜಾರಿನಲ್ಲಿ ಓಡುತ್ತದೆ. ಹಾಗಾಗಿ ಎರಡೂ ಕೈ ಬಿಟ್ಟು ರೀಲ್ಸ್ ಮಾಡಲು ಇದನ್ನು ಕೊಳ್ಳುವವರಿಗೆ ನನ್ನ ಬಳಿ ಸಲಹೆ ಇಲ್ಲ. ಹಂಪ್, ದನ, ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರ್ ಇರುವ ನಮ್ಮ ಹೆದ್ದಾರಿಯಲ್ಲಿ ಕೈ ಗ್ರಿಪ್ ಮೇಲೇ ಇರಬೇಕು. ಬೆರಳಿನ ಬಿಗಿತ ಸ್ವಲ್ಪ ಸಡಿಲಿಸಲು ಮಾತ್ರ ಲಾಕ್.

ಈಗ ನನ್ನ ಬೈಕ್‌ನಲ್ಲಿರುವುದು ಓ-ರಿಂಗ್. ಖಾಲಿ ರಸ್ತೆಯಲ್ಲಿ ಒಂದೆರಡು ನಿಮಿಷ ಒಳಕ್ಕೆ, ಊರು ಕಂಡರೆ ಹೊರಕ್ಕೆ. ಥ್ರಾಟಲ್ ಕೇಬಲ್‌ಗೆ ಎಣ್ಣೆ ಬಿಡಿಸಿದ ಮೇಲೆ ಅರ್ಧ ನೋವು ಹಾಗೇ ಹೋಯಿತು. ಉಳಿದರ್ಧಕ್ಕೆ ಗಂಟೆಗೊಮ್ಮೆ ನಿಲ್ಲುತ್ತೇನೆ. ಹಿರಿಯೂರಿನಲ್ಲಂತೂ ತಪ್ಪಿಸುವುದಿಲ್ಲ. ಚಹಾ ಲೋಟ ಈಗ ಬಲಗೈಯಲ್ಲೇ ಇರುತ್ತದೆ.