ನಗು ಬಂತು, ಆಮೇಲೆ ನಾಚಿಕೆ ಆಯ್ತು

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಕ್ಲಾಸಿನ ಹುಡುಗನೊಬ್ಬ ತಾನೇ ಬರೆದ ಕವನ ಓದಿದ. ಕೈ ನಡುಗ್ತಿತ್ತು. ಅವನು ಕೆಳಗಿಳಿದು ಕೂರೋ ಮೊದಲೇ ನಾನು ಅದರ ಮೀಮ್ ಮಾಡಿ ಗ್ರೂಪಿಗೆ ಹಾಕಿದ್ದೆ. ಎಲ್ಲರೂ ನಕ್ಕರು. ಅವನು ಮತ್ತೆ ಸ್ಟೇಜ್ ಹತ್ತಿಲ್ಲ. ನಾನು ಮಾಡಿದ್ದು ವ್ಯಂಗ್ಯ ಅಂತಲೇ ಅಂದ್ಕೊಂಡಿದ್ದೆ.

ಈಚೆಗೆ ಅಮೆರಿಕದ ಲೇಖಕ ಜಾರ್ಜ್ ಸಾಂಡರ್ಸ್ ಬರೆದ ‘ದಿ ಸೆಂಪ್ಲಿಕಾ ಗರ್ಲ್ ಡೈರೀಸ್’ ಕಥೆ ಓದಿದೆ. 2013ರಲ್ಲಿ ಬಂದ ‘ಟೆಂತ್ ಆಫ್ ಡಿಸೆಂಬರ್’ ಸಂಕಲನದಲ್ಲಿದೆ. ಮಧ್ಯಮ ವರ್ಗದ ಅಪ್ಪನೊಬ್ಬನ ದಿನಚರಿ ಅದು. ತುಂಬಾ ಸಾಲ. ಮಗಳ ಶ್ರೀಮಂತ ಗೆಳತಿಯ ಮನೆ ನೋಡಿ ಬಂದು ಒಳಗೊಳಗೇ ಕುಗ್ಗಿದ್ದಾನೆ. ಅಷ್ಟರಲ್ಲಿ ಲಾಟರಿಯಲ್ಲಿ 10,000 ಡಾಲರ್ ಬರುತ್ತೆ. ಮಗಳ ಹುಟ್ಟುಹಬ್ಬಕ್ಕೆ ಅಂತ ಮನೆಯಂಗಳಕ್ಕೆ ಹೊಸ ಅಲಂಕಾರ ಮಾಡಿಸ್ತಾನೆ.

ಆ ಅಲಂಕಾರ ಏನು ಗೊತ್ತಾ? ಬಡ ದೇಶಗಳಿಂದ ಬಂದ ನಾಲ್ಕು ಹೆಣ್ಣುಮಕ್ಕಳು. ತಲೆಯೊಳಗಿಂದ ಸಣ್ಣ ತಂತಿ ಹಾಯಿಸಿ ಅವರನ್ನ ಸಾಲಾಗಿ ತೂಗುಹಾಕಿರುತ್ತಾರೆ. ಅವರಿಗೆ ನೋವಾಗಲ್ಲ, ಊರಿಗೆ ದುಡ್ಡು ಕಳಿಸ್ತಾರೆ, ಅವರಿಗೂ ಒಳ್ಳೇದೇ ಅನ್ನೋದು ಅಪ್ಪನ ಸಮಾಧಾನ. ಕೊನೆಗೆ ಚಿಕ್ಕ ಮಗಳು ಅವರನ್ನ ಬಿಡಿಸಿ ಕಳಿಸಿಬಿಡ್ತಾಳೆ. ಅವರು ಯಾಕೆ ಹೋದರು ಅನ್ನೋದು ಅಪ್ಪನಿಗೆ ಕೊನೆವರೆಗೂ ಅರ್ಥವಾಗಲ್ಲ.

ಸಾಂಡರ್ಸ್ ಎಲ್ಲೂ ಬೈಯೋದಿಲ್ಲ. ಆ ಅಪ್ಪ ಕೆಟ್ಟವನಲ್ಲ, ಮಕ್ಕಳೆಂದರೆ ಪ್ರಾಣ. ಅವನ ಅರೆಬರೆ ವಾಕ್ಯಗಳಿಗೆ ನಗ್ತಾ ನಗ್ತಾ ನಾನೂ ಅವನ ಪರ ನಿಂತುಬಿಟ್ಟಿದ್ದೆ. ಪಾರ್ಟಿ ಚೆನ್ನಾಗಿ ಆಗಲಿ ಅಂತ ಆಸೆಪಟ್ಟಿದ್ದೆ. ಆ ನಾಲ್ವರು ತೂಗ್ತಾ ಇದ್ದಾಗಲೇ! ಅಲ್ಲಿ ಸಿಕ್ಕಿಬಿದ್ದೆ.

ನನ್ನ ಮೀಮಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ ಅನಿಸುತ್ತೆ. ಮೀಮಿನಲ್ಲಿ ನಾನು ಹೊರಗೆ ಸೇಫಾಗಿ ನಿಂತಿದ್ದೆ. ಈ ಕಥೆ ಓದುಗನನ್ನ ಹೊರಗೆ ನಿಲ್ಲೋಕೆ ಬಿಡಲ್ಲ. ಇನ್ನೊಬ್ಬ ಅಮೆರಿಕನ್ ಲೇಖಕ ಡೇವಿಡ್ ಫಾಸ್ಟರ್ ವಾಲೇಸ್ 1993ರಲ್ಲೇ ಒಂದು ಪ್ರಬಂಧದಲ್ಲಿ ವಾದಿಸಿದ್ದ: ವ್ಯಂಗ್ಯಕ್ಕೆ ಕೆಡವೋದು ಗೊತ್ತು, ಆ ಜಾಗದಲ್ಲಿ ಏನನ್ನೂ ಕಟ್ಟೋದು ಗೊತ್ತಿಲ್ಲ ಅಂತ. ಸಾಂಡರ್ಸ್ ಓದಿದರೆ ಕಟ್ಟೋಕೂ ಆಗುತ್ತೆ ಅನಿಸುತ್ತೆ, ಆದರೆ ಬರೆಯೋನಿಗೆ ತನ್ನ ಪಾತ್ರದ ಮೇಲೆ ಪ್ರೀತಿ ಇರಬೇಕು.

‘ತಮಾಷೆಗೂ ಇಷ್ಟೊಂದು ಲೆಕ್ಕಾಚಾರನಾ ಮಾರಾಯ?’ ಅಂತ ನೀವು ಕೇಳಬಹುದು. ನಗೋದು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಕೈ ನಡುಗಿದರೂ ನಿಂತು ಓದಿದವನನ್ನ ನೋಡಿ ನಗೋಕೆ ಧೈರ್ಯವೇನೂ ಬೇಕಿಲ್ಲ.

ಈ ಸಂಚಿಕೆಗೆ ಅವನ ಹತ್ತಿರ ಕವನ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.