ಬಿರಡೆಯೂ ಭರವಸೆಯೂ

ಸರಕಿನ ದೋಷವು ಮಾರಾಟದ ಮರುದಿನವೇ ಬಯಲಾದರೆ ಉತ್ಪಾದಕನಿಗೆ ಹಣ ನಷ್ಟ. ಹಲವು ವರ್ಷಗಳ ತರುವಾಯ ಬಯಲಾದರೆ ಹೆಸರೇ ನಷ್ಟ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬಿಳಿ ವೈನ್ ಉದ್ಯಮವು ಕಲಿತ ಈ ಪಾಠವು ಎಲ್ಲ ತಯಾರಕರಿಗೂ ಅನ್ವಯಿಸುತ್ತದೆ.

ಬೋನ್ ಪಟ್ಟಣದ ದಕ್ಷಿಣಕ್ಕಿರುವ ಮರ್ಸೋ, ಪುಲಿನಿ-ಮೋಂತ್ರಾಶೆ ಮೊದಲಾದ ಗ್ರಾಮಗಳಲ್ಲಿ ಶಾರ್ಡೊನೆ ತಳಿಯ ದ್ರಾಕ್ಷಿಯಿಂದ ಈ ವೈನ್ ತಯಾರಾಗುತ್ತದೆ. ಅತಿ ಪ್ರಸಿದ್ಧವಾದ ಮೋಂತ್ರಾಶೆ ತೋಟದ ವಿಸ್ತೀರ್ಣ ಸುಮಾರು 8 ಹೆಕ್ಟೇರ್ ಮಾತ್ರ. ಎಳೆಯ ವೈನಿನಲ್ಲಿ ನಿಂಬೆಯ ಹುಳಿಯೂ ಓಕ್ ಪೀಪಾಯಿಯ ಪರಿಮಳವೂ ಮುಂದಾಗಿರುತ್ತವೆ. ಸುಮಾರು 12 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕತ್ತಲ ನೆಲಮಾಳಿಗೆಯಲ್ಲಿ, ಬಿರಡೆ ಒಣಗದಂತೆ ಸೀಸೆಯನ್ನು ಅಡ್ಡಲಾಗಿ ಮಲಗಿಸಿ ಹತ್ತಾರು ವರ್ಷ ಕಾದರೆ ಜೇನಿನ, ಹುರಿದ ಬೀಜಗಳ ಸುವಾಸನೆ ಮೂಡುತ್ತದೆ. ಗ್ರಾಹಕನು ದುಬಾರಿ ಬೆಲೆ ತೆರುವುದು ಈ ಭರವಸೆಗೆ.

1990ರ ದಶಕದ ಮಧ್ಯಭಾಗದ, ವಿಶೇಷವಾಗಿ 1996ರ, ಫಸಲಿನ ವೈನುಗಳಲ್ಲಿ ಈ ಭರವಸೆ ಮುರಿಯಿತು. ಇನ್ನೂ ಹೊಂಬಣ್ಣದಲ್ಲಿರಬೇಕಾಗಿದ್ದ ಪಾನೀಯವು ಅಕಾಲದಲ್ಲಿ ಕಂದಾಗಿ, ಜಜ್ಜಿದ ಸೇಬಿನ ವಾಸನೆ ಬೀರತೊಡಗಿತು. ಒಂದೇ ಪೆಟ್ಟಿಗೆಯಲ್ಲಿ ಒಂದು ಸೀಸೆ ಉತ್ಕೃಷ್ಟ, ಪಕ್ಕದ್ದು ನಿರುಪಯುಕ್ತ. ಗಾಳಿಯ ಆಮ್ಲಜನಕವನ್ನು ಏಕರೂಪವಾಗಿ ತಡೆಯದ ಬಿರಡೆ, ಕಡಿಮೆಗೊಳಿಸಿದ ಗಂಧಕದ ಡೈಆಕ್ಸೈಡ್, ರಸ ಹಿಂಡುವ ಕ್ರಮದಲ್ಲಾದ ಬದಲಾವಣೆ ಮುಂತಾದ ಹಲವು ಕಾರಣಗಳನ್ನು ತಜ್ಞರು ಮುಂದಿಟ್ಟರು. ಒಂದೊಂದೂ ಸಣ್ಣ ಬದಲಾವಣೆಯೇ. ಆದರೆ ಅವುಗಳ ಒಟ್ಟು ಪರಿಣಾಮವನ್ನು ಕಾಲವೇ ತೋರಿಸಬೇಕಾಯಿತು.

ಕೆಲವು ಉತ್ಪಾದಕರು ಸಂಪ್ರದಾಯವನ್ನೇ ಬದಲಿಸಿದರು. ಹೆಸರಾಂತ ಲೆಫ್ಲೇವ್ ಸಂಸ್ಥೆಯು 2014ರ ಫಸಲಿನಿಂದ ಡಿಯಾಮ್ ಬಿರಡೆಯನ್ನು ಅಳವಡಿಸಿಕೊಂಡಿತು. ಕಾರ್ಕಿನ ಪುಡಿಯನ್ನು ಶುದ್ಧೀಕರಿಸಿ ಅಚ್ಚುಹಾಕಿದ ಈ ಬಿರಡೆಗಳು ಡಿಯಾಮ್ 5, 10, 30 ಎಂದು ಮಾರಾಟವಾಗುತ್ತವೆ. ಅಂಕಿಗಳು ಖಾತರಿಯ ವರ್ಷಗಳನ್ನು ಸೂಚಿಸುತ್ತವೆ. ಒಂದೇ ತೊಗಟೆಯ ತುಂಡಿನಿಂದ ಕೊರೆದ ಬಿರಡೆಯೇ ಘನತೆಯ ಗುರುತೆಂದು ನಂಬಿದ್ದ ಗಿರಾಕಿಗಳ ಮುಂದೆ ಈ ನಿರ್ಧಾರ ಸುಲಭದ್ದಾಗಿರಲಿಲ್ಲ.

ಸಣ್ಣ ಉದ್ಯಮಿಗಳು ಇಲ್ಲಿ ಗಮನಿಸಬೇಕಾದುದಿಷ್ಟು: ಅಗ್ಗದ ಬಿಡಿಭಾಗವೇ ದುಬಾರಿ ಸರಕಿನ ಮಾನ ಕಳೆಯಬಲ್ಲದು. ಕಚ್ಚಾವಸ್ತು ಅಥವಾ ವಿಧಾನ ಬದಲಾದಾಗಲೆಲ್ಲ ಆ ತಂಡದ ಮಾದರಿಗಳನ್ನು ದಿನಾಂಕಸಹಿತ ಕಾಪಿಟ್ಟು, ವರ್ಷಕ್ಕೊಮ್ಮೆ ಪರೀಕ್ಷಿಸುವ ವೆಚ್ಚ ಅಲ್ಪ. ದೋಷವನ್ನು ಗಿರಾಕಿಗಿಂತ ಮೊದಲು ತಾನೇ ಕಂಡುಕೊಳ್ಳುವ ತಯಾರಕನ ಮಾತಿಗೆ ಮಾತ್ರ ಪೇಟೆಯಲ್ಲಿ ಬೆಲೆ ಉಳಿದೀತು.