ಗಾಲಿ ನೆಲ ಮುಟ್ಟಿದ ಮೇಲೆ

ಆಷಾಢ ಬಂತೆಂದರೆ ಗುಂಡ್ಲುಪೇಟೆಯಲ್ಲಿ ಕದ ಹಾಕಿದ್ದರೂ ಗಾಳಿ ಹೆಂಚಿನ ಸಂದಿಯಿಂದ ಇಳಿದು ಗೋಡೆಯ ಕ್ಯಾಲೆಂಡರನ್ನು ಪಟಪಟ ಬಡಿಸುತ್ತದೆ. ಅಂಥದೊಂದು ಮಧ್ಯಾಹ್ನ ಅಕ್ಕನ ಮನೆಯಲ್ಲಿ ಅವಳ ಮಗ ಕಂಪ್ಯೂಟರಿನಲ್ಲಿ ವಿಮಾನ ಇಳಿಸುತ್ತಿದ್ದ. ಹಳೆಯ ಹೊಲಿಗೆ ಮಿಷನ್ನಿನ ಮೇಜಿನ ಮೇಲೆ ಜಾಯ್‌ಸ್ಟಿಕ್. ಕಾಲ ಕೆಳಗೆ ಪ್ಲೈವುಡ್ ತುಂಡಿಗೆ ಬಾಗಿಲ ಕೀಲು ಜಡಿದು ತಾನೇ ಮಾಡಿಕೊಂಡ ಪೆಡಲು. ಪರದೆಯ ಮೇಲೆ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ. ನಮ್ಮ ಚಾಮರಾಜನಗರ ಜಿಲ್ಲೆಗೆ ವಿಮಾನ ನಿಲ್ದಾಣವಿಲ್ಲ. 2023ರ ಜೂನ್ 1ರಂದು ಭೋಗಾಪುರದ ಹೊಲದಲ್ಲಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದು, ಇಬ್ಬರು ಪೈಲಟ್‌ಗಳು ಪ್ಯಾರಾಚೂಟಿನಲ್ಲಿ ಬದುಕಿ ಇಳಿದದ್ದೇ ಇಲ್ಲಿನವರು ಇಂದಿಗೂ ಹೇಳುವ ವಿಮಾನದ ಕಥೆ. ಹುಡುಗನಿಗೆ ಹತ್ತಿರದ ರನ್‌ವೇ ಮಂಡಕಳ್ಳಿಯದೇ. ಪೂರ್ವ-ಪಶ್ಚಿಮವಾಗಿ ಚಾಚಿದ ಅದರ ಉದ್ದ 1,740 ಮೀಟರ್.

ಸೆಸ್ನಾ 172 ಎಂಬ ಸಣ್ಣ ವಿಮಾನ ಇಳಿಯಿತು. ಇಳಿದದ್ದೇ ತಡ, ಗೂಟಕ್ಕೆ ಕಟ್ಟಿದ ಹಸು ಹಗ್ಗ ಎಳೆದಾಗ ನಿಲ್ಲುವಂತೆ ಗಕ್ಕನೆ ನಿಂತಿತು. ಇದೇನಪ್ಪ ಹೀಗೆ ಎಂದೆ. "ಗಾಳಿ ಬೀಸ್ತು ಅಂದ್ರೆ ಪಕ್ಕಕ್ಕೆ ಜಾರ್ಕಂಡು ಹೋಯ್ತಿತ್ತು ಮಾವ, ಅದ್ಕೇ ಹಿಡಿತ ಜಾಸ್ತಿ ಮಾಡ್ಬುಟ್ಟೆ" ಎಂದ.

ಅವನು ಬಳಸುವುದು ಫ್ಲೈಟ್‌ಗಿಯರ್. 1997ರಿಂದ ಸ್ವಯಂಸೇವಕರು ಕಟ್ಟಿ ಬೆಳೆಸಿದ, ಕಾಸು ಕೊಡದೆ ಸಿಗುವ ತಂತ್ರಾಂಶ. ಅದರಲ್ಲಿ ವಿಮಾನದ ಗುಣವೆಲ್ಲ ಸಾಮಾನ್ಯ ಅಕ್ಷರದ ಕಡತದಲ್ಲಿರುತ್ತದೆ. ಯಾರು ಬೇಕಾದರೂ ತೆರೆದು ತಿದ್ದಬಹುದು. ಪ್ರತಿ ಗಾಲಿಗೂ ಮೂರು ಘರ್ಷಣಾಂಕ: ಗಾಲಿ ಕಚ್ಚಿ ಹಿಡಿದಾಗ ಒಂದು, ಜಾರುವಾಗ ಒಂದು, ಉರುಳುವಾಗ ಒಂದು. ವಾಡಿಕೆಯಲ್ಲಿ ಬರೆಯುವುದು 0.8, 0.5, 0.02. ನಮ್ಮ ಹುಡುಗ ಮೊದಲನೆಯದನ್ನು 1.2 ಮಾಡಿದ್ದ. ಪಕ್ಕಕ್ಕೆ ಜಾರದಂತೆ ತಡೆಯುವುದಕ್ಕೂ ಪೂರ್ತಿ ಬ್ರೇಕ್ ಒತ್ತಿದಾಗ ನಿಲ್ಲಿಸುವುದಕ್ಕೂ ಅಲ್ಲಿ ಲೆಕ್ಕಕ್ಕೆ ಬರುವುದು ಇದೊಂದೇ ಅಂಕಿ. ಅವನು ತಡೆಯಲು ಹೋದದ್ದು ಜಾರುವಿಕೆಯನ್ನು. ಜೊತೆಗೆ ಬ್ರೇಕೂ ಒಂದೂವರೆ ಪಟ್ಟಾಯಿತು.

ಹಾರಾಟವನ್ನು ಅನುಕರಿಸುವ ವಿದ್ಯೆಯಲ್ಲಿ ನೆಲ ಯಾವತ್ತೂ ಕೊನೆಗೇ ಬಂದದ್ದು. 1929ರಲ್ಲಿ ಎಡ್ವಿನ್ ಲಿಂಕ್ ಎಂಬ ಅಮೆರಿಕದವನು ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನು ಬಳಸಿ ತನ್ನ ಮೊದಲ ತರಬೇತಿ ಯಂತ್ರ ಮಾಡಿದ. ಅದು ವಾಲುತ್ತಿತ್ತು, ಏಳುತ್ತಿತ್ತು, ತಿರುಗುತ್ತಿತ್ತು. ಓಡಲು ಅದಕ್ಕೆ ನೆಲವೇ ಇರಲಿಲ್ಲ. ಎರಡನೇ ಮಹಾಯುದ್ಧದ ಸಾವಿರಾರು ಪೈಲಟ್‌ಗಳು ಮೋಡದೊಳಗೆ ಹಾರುವುದನ್ನು ಕಲಿತದ್ದು ಅದರಲ್ಲೇ. ಗಾಳಿ ರೆಕ್ಕೆಯ ಮೇಲೆ ಹರಿಯುವ ಬಗೆಯನ್ನು ಸಮೀಕರಣಕ್ಕೆ ಕೂರಿಸಬಹುದು. ಟೈರಿನ ಸವೆತ, ಡಾಂಬರಿನ ಮೇಲಿನ ನೀರು, ಅಲ್ಲಿ ಬಿದ್ದ ರಬ್ಬರಿನ ಪಟ್ಟೆ ಹಾಗೆ ಕೂರುವುದಿಲ್ಲ.

ನೆಲದ ಈ ಹಟ ಚಾಮರಾಜನಗರದವರಿಗೆ ಹೊಸದಲ್ಲ. ಚಾಮರಾಜೇಶ್ವರನ ತೇರು ಆಷಾಢದಲ್ಲೇ ಹೊರಡುತ್ತದೆ. ಹೊಸದಾಗಿ ಮದುವೆಯಾದವರು ಬಂದು ಹಣ್ಣು-ಜವನ ಎಸೆಯುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಉತ್ಸವ ನಿಂತಿತ್ತು. 2022ರಲ್ಲಿ ಹೊಸ ತೇರು ಬೀದಿಗಿಳಿಯಿತು. ತೇರಿಗೆ ಸ್ಟಿಯರಿಂಗ್ ಇಲ್ಲ. ಹಗ್ಗ ಎಳೆಯುವ ನೂರಾರು ಜನ ಕೊಡುವುದು ಬಲವನ್ನು ಮಾತ್ರ. ದಿಕ್ಕು ಕೊಡುವವರು ಗಾಲಿಯ ಪಕ್ಕದಲ್ಲಿ ಬಗ್ಗಿ ನಡೆಯುವ ಕೆಲವೇ ಜನ. ಒಂದು ಗಾಲಿಗೆ ಮರದ ತುಂಡು ಕೊಟ್ಟರೆ ಆ ಕಡೆ ತಡೆಯುತ್ತದೆ, ಇನ್ನೊಂದು ಕಡೆ ಮುಂದಕ್ಕೆ ಸಾಗುತ್ತದೆ, ತೇರು ಹೊರಳುತ್ತದೆ. ಸೆಸ್ನಾದಲ್ಲೂ ಇದೇ ಉಪಾಯ. ಪೆಡಲು ಒತ್ತಿದರೆ ಮೂಗಿನ ಗಾಲಿ ಹೊರಳುವುದು ಸುಮಾರು 10 ಡಿಗ್ರಿ ಮಾತ್ರ. ಅದಕ್ಕಿಂತ ಬಿಗಿಯಾಗಿ ತಿರುಗಬೇಕಾದರೆ ಒಂದೇ ಪಕ್ಕದ ಬ್ರೇಕ್ ಒತ್ತಬೇಕು.

ಹಾಗಾದರೆ ಅಂಕಿ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕೈಗೆ ಚೆನ್ನಾಗಿದೆ ಅನ್ನಿಸಿದರೆ ಸಾಲದು. ನಾವಿಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. ಸೆಸ್ನಾ 172ರ ಪೂರ್ಣ ಭಾರ ಸುಮಾರು 1,090 ಕೆ.ಜಿ. ಉರುಳುವ ಘರ್ಷಣಾಂಕ 0.02 ಆದರೆ ಅದನ್ನು ಉರುಳಿಸಲು ಬೇಕಾದದ್ದು ಹೆಚ್ಚುಕಡಿಮೆ 22 ಕೆ.ಜಿ. ತೂಕದಷ್ಟು ಬಲ. ಸಣ್ಣ ವಿಮಾನಗಳ ಮೈದಾನದಲ್ಲಿ ಒಬ್ಬನೇ ಆಳು ಮೂಗಿನ ಗಾಲಿಗೆ ಕಬ್ಬಿಣದ ಕೋಲು ಸಿಕ್ಕಿಸಿ ಇಂಥ ವಿಮಾನವನ್ನು ಎಳೆದುಕೊಂಡು ಹೋಗುತ್ತಾನೆ. ಲೆಕ್ಕ ಕೂಡಿತು. ಅದೇ ಅಂಕಿ 0.1 ಆಗಿದ್ದರೆ 109 ಕೆ.ಜಿ. ಬೇಕು, ಯಾವ ಆಳೂ ಎಳೆಯಲಾರ. 2006ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಗ್ಗೆ ಬಳಕೆದಾರರ ಹಳೆಯ ದೂರು ಇದೇ: ನಿಂತ ವಿಮಾನ ಕದಲಬೇಕಾದರೆ ಎಂಜಿನ್ ಅತಿಯಾಗಿ ಒರಲಬೇಕು.

ಇನ್ನು ಬ್ರೇಕು. 50 ನಾಟ್ ಎಂದರೆ ಸೆಕೆಂಡಿಗೆ ಸುಮಾರು 26 ಮೀಟರ್. ಇಡೀ ಭಾರ ಗಾಲಿಗಳ ಮೇಲೇ ಇದೆ, ಹಿಡಿತ ಪೂರ್ತಿ 0.8 ಸಿಕ್ಕಿದೆ ಎಂದುಕೊಂಡರೆ 42 ಮೀಟರಿನಲ್ಲಿ ನಿಲ್ಲಬೇಕು. ಹುಡುಗನ 1.2ರಲ್ಲಾದರೆ 28 ಮೀಟರ್. ತಯಾರಕರ ಕೈಪಿಡಿ ಕೊಡುವ ದೂರ ಸುಮಾರು 170 ಮೀಟರ್! ಇಳಿದ ಮೊದಲ ಕ್ಷಣಗಳಲ್ಲಿ ರೆಕ್ಕೆ ಇನ್ನೂ ಭಾರ ಹೊತ್ತಿರುತ್ತದೆ, ಟೈರು ಹಗುರವಾಗಿರುತ್ತದೆ. ಬ್ರೇಕ್ ತುಳಿದರೆ ಗಾಲಿ ಕಟ್ಟಿಕೊಂಡು ಜಾರುತ್ತದೆ. ನೀರು ನಿಂತಿದ್ದರಂತೂ ಬೇರೆಯೇ ಕಥೆ. ನಾಸಾದ ಸಂಶೋಧಕರು 1960ರ ದಶಕದಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ: ಟೈರಿನ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ಟೈರು ನೀರಿನ ಮೇಲೆ ತೇಲತೊಡಗುವ ವೇಗ ನಾಟ್‌ಗಳಲ್ಲಿ ಬರುತ್ತದೆ. 28 ಪಿಎಸ್‌ಐ ಟೈರಿಗೆ ಅದು 48 ನಾಟ್. ಸೆಸ್ನಾ ನೆಲ ಮುಟ್ಟುವ ವೇಗವೂ ಅದರ ಆಸುಪಾಸಿನದೇ.

ಹುಡುಗ ಪೆಚ್ಚಾದ. "ಹಂಗಾರೆ ಜಾರಾದು ಯಾಕೆ?" ಎಂದ.

ಅದಕ್ಕೂ ಉತ್ತರವಿತ್ತು. ನೈಋತ್ಯದಿಂದ 20 ನಾಟ್ ಗಾಳಿ ಇಟ್ಟು ಪಶ್ಚಿಮಕ್ಕೆ ಇಳಿದರೆ ಅಡ್ಡಗಾಳಿಯ ಪಾಲು 14 ನಾಟ್. ಕೈಪಿಡಿಯ ಪ್ರಕಾರ ತಯಾರಕರು ಆಡಿಸಿ ತೋರಿಸಿದ ಅಡ್ಡಗಾಳಿ 15 ನಾಟ್. ಅಂದರೆ ಅವನು ಅಂಚಿನಲ್ಲಿದ್ದ, ಅಂಚಿನಾಚೆ ಇರಲಿಲ್ಲ. ಮತ್ತೊಮ್ಮೆ ಇಳಿಸು ಎಂದು ಅವನ ಕೈಯನ್ನೇ ನೋಡುತ್ತ ಕೂತೆ. ಗಾಲಿ ಮುಟ್ಟಿದ ಕೂಡಲೇ ಜಾಯ್‌ಸ್ಟಿಕ್ ಬಿಟ್ಟು ಎರಡೂ ಕೈ ತೊಡೆಯ ಮೇಲಿಟ್ಟ! ಅವನ ಪಾಲಿಗೆ ಹಾರಾಟ ಅಲ್ಲಿಗೆ ಮುಗಿದಿತ್ತು. ನಿಜವಾದ ಪೈಲಟ್ ಇಳಿದ ಮೇಲೆ ಕೋಲನ್ನು ಗಾಳಿ ಬರುವ ಕಡೆಗೆ ಇನ್ನಷ್ಟು ವಾಲಿಸುತ್ತ ಹೋಗುತ್ತಾನೆ; ವೇಗ ಇಳಿದಂತೆ ರೆಕ್ಕೆಯ ಅಲಗಿನ ಬಲ ಕುಗ್ಗುವುದರಿಂದ ಹೆಚ್ಚು ಹೆಚ್ಚು ವಾಲಿಸಬೇಕು. ಬಾಲದ ನಿಂತ ರೆಕ್ಕೆಗೆ ಗಾಳಿ ಬಡಿದು ಮೂಗು ಗಾಳಿಯತ್ತ ತಿರುಗದಂತೆ ಪೆಡಲಿನಲ್ಲಿ ಎದುರು ಒತ್ತುತ್ತಾನೆ. ತಪ್ಪು ಕಡತದಲ್ಲಿರಲಿಲ್ಲ. ಅವನು ಕೈಯ ಕೊರತೆಯನ್ನು ಅಂಕಿಯಿಂದ ತುಂಬಿಸಿದ್ದ.

ಮನೆಯ ಆಟದಲ್ಲಿ ಹೀಗಾದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಮಂಗಳೂರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಬಜ್ಪೆಯ 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ದಾಟಿ ನೆಲ ಮುಟ್ಟಿತು. ಉಳಿದದ್ದು 850 ಮೀಟರ್. ಅದು ಸಾಲಲಿಲ್ಲ, ಗುಡ್ಡದ ಅಂಚಿನಾಚೆ ಹೋಗಿ ಬಿತ್ತು. 158 ಜನ ಸತ್ತರು, 8 ಜನ ಉಳಿದರು. ಕರ್ನಾಟಕದಲ್ಲಿ ಹಾರಾಟದ ಕನಸು ಕಾಣುವ ಯಾವ ಹುಡುಗ ಹುಡುಗಿಯೂ ಈ ಅಂಕಿಗಳನ್ನು ಮರೆಯಬಾರದು. ಎಷ್ಟು ಮುಂದೆ ಹೋಗಿ ಇಳಿದರೂ ಬ್ರೇಕ್ ಕಾಪಾಡುತ್ತದೆ ಎಂದು ದಿನವೂ ಕಲಿಸುವ ಪರದೆ, ಸರಿಯಾಗಿ ಇಳಿಯಲಾಗದಿದ್ದರೆ ಮತ್ತೆ ಮೇಲೇರಬೇಕೆಂಬ ಬುದ್ಧಿಯನ್ನು ಅಳಿಸುತ್ತದೆ. ಇದನ್ನು ನಾನು ಸಣ್ಣ ನಷ್ಟ ಎಂದುಕೊಂಡಿಲ್ಲ.

ಸಂಜೆಯ ಹೊತ್ತಿಗೆ ಅಂಕಿ 0.8ಕ್ಕೆ ಮರಳಿತ್ತು. ಅವನು ಏಳು ಸಲ ಇಳಿಸಿದ, ಐದು ಸಲ ಹುಲ್ಲಿಗೆ ಹೋದ, ಎರಡು ಸಲ ನಡುಗೆರೆಯ ಮೇಲೆ ನಿಲ್ಲಿಸಿದ.

ನಿಮ್ಮ ಮನೆಯಲ್ಲೂ ಇಂಥ ಹುಡುಗ ಹುಡುಗಿಯರಿದ್ದರೆ ಅವರಿಗೆ ವಿಮಾನದ ಕೈಪಿಡಿಯ ಪ್ರತಿಯೊಂದನ್ನು ತರಿಸಿಕೊಡಿ. ಕಡತ ತಿದ್ದುವುದನ್ನು ತಡೆಯಬೇಡಿ, ಅದು ಒಳ್ಳೆಯ ಕಲಿಕೆ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಲಿ, ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಲಿ; ಹಿಡಿತದ ಅಂಕಿಯನ್ನು ಮಾತ್ರ ಕೈಪಿಡಿಯ ದೂರದೊಂದಿಗೆ ತಾಳೆ ನೋಡದೆ ಮುಟ್ಟದಿರಲಿ.